ರಿಪೇರಿಯವನಿಗೆ ಫೋನ್ ಮಾಡಬೇಡಿ

ರೀ,

ರಿಪೇರಿಯವನಿಗೆ ಫೋನ್ ಮಾಡಬೇಡಿ. ಟಿವಿ ಕೆಟ್ಟಿಲ್ಲ. ಇದನ್ನು ಹೇಳೋಕೆ ಎಬ್ಬಿಸೋಣ ಅಂದುಕೊಂಡೆ. ಆದರೆ ಆ ಜಗಳ ಆದಮೇಲೆ ನಿನ್ನೆಯೇ ಮೊದಲ ಸಲ ನೀವು ಟಿವಿ ಮುಂದಿನ ಸೋಫಾ ಬಿಟ್ಟು ಒಳಗೆ ಬಂದು ಮಲಗಿದ್ದು. ಎಬ್ಬಿಸೋಕೆ ಮನಸ್ಸಾಗಲಿಲ್ಲ.

ಬೆಳಿಗ್ಗೆ ಬಟ್ಟೆ ಒಣಹಾಕೋದನ್ನು ಅರ್ಧಕ್ಕೆ ಬಿಟ್ಟು ಟಿವಿ ಮುಂದೆ ಕೂತೆ. ರಿಮೋಟಿಗೆ ಹೊಸ ಸೆಲ್ ಹಾಕಿದರೂ ಟಿವಿಯ ಕೆಂಪು ದೀಪ ಬರಲಿಲ್ಲ. ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನ್ ಹಾಕಿದರೆ ತಿರುಗಿತು. ಆಮೇಲೆ ಸ್ವಿಚ್ ಆರಿಸಿ ಟಿವಿ ಹಿಂದೆ ಕೈ ಹಾಕಿದೆ. ಟಿವಿಗೆ ಚುಚ್ಚುವ ವೈರಿನ ತುದಿ ಕಿತ್ತುಬಂದು ಸುಮ್ಮನೆ ನೇತಾಡುತ್ತಿತ್ತು. ನಿನ್ನೆ ರಾತ್ರಿ ನೀವು ರಿಮೋಟನ್ನು ಬಡಿದಿದ್ದೇ ಬಡಿದಿದ್ದು, ಒಂದು ಸಲ ಹಿಂದೆ ಬಗ್ಗಿ ನೋಡಬಾರದಿತ್ತಾ?

ಅದು ತಾನಾಗಿ ಬಿದ್ದಿದ್ದಲ್ಲ. ಪಕ್ಕದಲ್ಲೇ ನಮ್ಮ ಚಿಟ್ಟಿಯ ಪುಟ್ಟ ಸ್ಟೂಲ್ ಇತ್ತು. ಅವಳು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಬೈಯಲಿಲ್ಲ. ನೀವೂ ಬೈಯಬೇಡಿ.

ವೈರು ಚುಚ್ಚಿ ನೋಡಿದೆ, ದೀಪ ಬಂತು. ಮತ್ತೆ ಕಿತ್ತು ಮೊದಲಿದ್ದ ಹಾಗೇ ಬಿಟ್ಟಿದ್ದೀನಿ. ನನಗೂ ಸಾಕಾಗಿದೆ ರೀ. ಜಗಳ ಯಾತಕ್ಕೆ ಶುರುವಾಯಿತು ಅನ್ನೋದೇ ಮರೆತುಹೋಗಿದೆ. ಚುಚ್ಚೋದು ಬಿಡೋದು ನಿಮಗೆ ಸೇರಿದ್ದು.

ಬಕೆಟ್ಟಿನಲ್ಲಿ ಉಳಿದ ಬಟ್ಟೆ ಒಣಹಾಕಿ, ಎಲ್ಲ ನಿಮ್ಮವೇ. ತಿಂಡಿ ಮುಚ್ಚಿಟ್ಟಿದ್ದೀನಿ.

ಜಡೆ ಹಾಕುವಾಗಲೂ ಚಿಟ್ಟಿ ತಿರುಗಿ ತಿರುಗಿ ಟಿವಿ ಕಡೆಯೇ ನೋಡುತ್ತಿದ್ದಳು. ಈಗ ಶೂ ಹಾಕಿಕೊಳ್ಳುತ್ತಾ ಕೊನೆಗೂ ಕೇಳಿಯೇಬಿಟ್ಟಳು: “ಅಮ್ಮ, ಟಿವಿ ಸರಿಹೋದ್ರೆ ಅಪ್ಪ ಮತ್ತೆ ಸೋಫಾದಲ್ಲೇ ಮಲಗ್ತಾರಾ?”