ಮರಿಯಮ್ಮನ ಮಣ್ಣು

೧೪ ಮಾರ್ಚ್ ೧೯೭೮, ಮಂಗಳವಾರ, ಸಗರ

ಮಗ ನನ್ನ ಮೇಲೆ ಸಿಟ್ಟಾಗಿ ಉಣ್ಣದೆ ಮಲಗಿದ್ದಾನೆ. ಮಲಗಲಿ.

ಕಾಲುವೆ ಕೆಲಸಕ್ಕೆ ಬಂದು ಸತ್ತ ಮರಿಯಮ್ಮನನ್ನು ಹೂಳಲು ಫಾದರ್ ಬೋನಿಫಾಸ್ ಬೆಳಿಗ್ಗೆಯಿಂದ ಮನೆಮನೆ ತಿರುಗಿದರು. ನಾಳೆ ಕಾಲುವೆ ನೀರು ಬರುವ ನೆಲವೆಂದು ಯಾರೂ ಆರಡಿ ಬಿಡಲಿಲ್ಲ. ಮಗ ಬೇಡವೆಂದರೂ ನಾನು ನಮ್ಮ ಕಲ್ಲುನೆಲದ ಮಡ್ಡಿಯ ಮೂಲೆ ಕೊಟ್ಟೆ. ಅಗೆಯಲು ಆಳು ಬಾರದಿದ್ದಾಗ ಕಡಲ ಕಡೆಯವರಾದ ಫಾದರ್ ತಾವೇ ಗುದ್ದಲಿ ಹಿಡಿದರು.

"ಫಾದರ್, ಇದು ನಿಮ್ಮೂರಿನ ಉಸುಕಲ್ಲರಿ."

"ಗೊತ್ತಾಯ್ತಮ್ಮ, ಕೈಯೇ ಹೇಳ್ತಾ ಉಂಟು," ಎಂದು ನಕ್ಕರು. ಅಂಗೈಯಲ್ಲಿ ರಕ್ತವಿತ್ತು.

ನಮ್ಮ ಆಳು ದ್ಯಾವಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದ. "ಏ ದ್ಯಾವ್ಯಾ, ಹಾರಿ ತಗೊ. ಇಲ್ಲಂದ್ರ ನಾನ ಇಳೀತೀನಿ," ಎಂದೆ. ಹಾರೆ ಹಿಡಿದು ಗುಂಡಿಗೆ ಇಳಿದ.

ನಮ್ಮ ಮನೆಯ ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿಲ್ಲ. ಇಂದು ನಿಂತು ಒಂದು ಹಿಡಿ ಮಣ್ಣು ಹಾಕಿದೆ. ಅಂಗೈ ಒಡೆಯುವಷ್ಟು ದುಡಿದ ಫಾದರ್ ಮುಂದೆ ಪದ್ಧತಿ ಹೇಳಲು ನನಗೆ ಬಾಯಿ ಬರಲಿಲ್ಲ.