ಯುದೊನೊ ಬೆಟ್ಟದಲ್ಲಿ ಅತ್ತೆ ಹೇಳಿದ್ದು

ಅಕ್ಟೋಬರ್ ೧೯, ಭಾನುವಾರ

ಅತ್ತೆಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಚಳಿಗಾಲಕ್ಕೆ ಮುಂಚೆ ಕಾಡೆಲ್ಲ ಕೆಂಪಾಗುವ ಎಲೆ ನೋಡಲು ಯುದೊನೊ ಬೆಟ್ಟಕ್ಕೆ ಹೋಗೋಣವೆಂದು ವಾರವಿಡೀ ಪೀಡಿಸಿದರು. ಹೋದರೆ ಬರೀ ಮಂಜು, ಒಂದು ಎಲೆಯೂ ಕಾಣಲಿಲ್ಲ. ಅವರಿಗೆ ಬೇಕಾಗಿದ್ದು ಎಲೆಯಲ್ಲವೆಂದು ನನಗೆಲ್ಲಿ ಗೊತ್ತಿತ್ತು?

ಬೆಟ್ಟದ ದೇವರ ಮುಂದೆ ಬರಿಗಾಲಲ್ಲಿ ನಿಂತಿದ್ದಾಗ ನನ್ನ ತೋಳು ಹಿಡಿದು, ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಮೆಲ್ಲಗೆ ಹೇಳಿಬಿಟ್ಟರು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಇಳಿಯುವಾಗ ಬಸ್ಸಿನಲ್ಲಿ ಕೇಳಿದೆ, "ಅತ್ತೆ, ನಿಮ್ಮ ಮಗನಿಗೆ ಯಾವಾಗ ಹೇಳ್ತೀರಾ?"

"ಏನನ್ನ? ಆ ಬೆಟ್ಟದಲ್ಲಿ ಕಂಡಿದ್ದು, ಕೇಳಿದ್ದು ಕೆಳಗೆ ಬಂದು ಬಾಯಿ ಬಿಡೋ ಹಾಗಿಲ್ಲ, ಚಿಜುರು. ಇದೇ ಸೀಮೇಲಿ ಹುಟ್ಟಿದೋಳು, ನಿಂಗೂ ಹೇಳ್ಕೊಡ್ಬೇಕಾ?"

ನನ್ನ ಮಿಸೊ ಸೂಪಿಗೆ ಉಪ್ಪು ಹೆಚ್ಚೆಂದು ಬೀದಿಗೆಲ್ಲ ಹೇಳಿಕೊಂಡು ಬರುವ ಬಾಯಿಗೆ ಇವತ್ತು ನೇಮ ನೆನಪಾಯಿತು.

ಊಟಕ್ಕೆ ಕೂತಾಗ ಇವರು ಕೇಳಿದರು, "ಹೆಂಗಿತ್ತಮ್ಮಾ ಬೆಟ್ಟ?"

"ನಿನ್ನ ಹೆಂಡ್ತೀನ ಕೇಳು."

"ಎಲೆ ಚೆನ್ನಾಗಿ ಕೆಂಪಾಗಿತ್ತು," ಎಂದೆ. ಅತ್ತೆ ತಲೆಯೆತ್ತದೆ ನನ್ನ ಬಟ್ಟಲಿಗೆ ಇನ್ನಷ್ಟು ಅನ್ನ ಹಾಕಿದರು.

ಇಲ್ಲಾದರೂ ಬರೆದು ಹಗುರಾಗೋಣವೆಂದು ಕೂತೆ. ಡಾಕ್ಟರು ಹೇಳಿದ್ದೇನೆಂದರೆ, ಅತ್ತೆಗೆ…

ಹಾಳಾದ ಕೈ, ಮುಂದಕ್ಕೆ ಬರೆಯಲೊಲ್ಲದು. ಅದೂ ಅವರ ಕಡೆಗೇ ಸೇರಿಕೊಂಡಿದೆ.