ನನ್ನ ಗಂಡ ಕೆಲಸ ಮಾಡುತ್ತಾನೆ

ಹ್ಯೂಸ್ಟನ್
ಮಾರ್ಚ್ 11, 2003, ಮಂಗಳವಾರ

ಪ್ರೀತಿಯ ಅತ್ತೆ,

ನಿಮ್ಮ ಮೊಣಕಾಲು ನೋವು ಹೇಗಿದೆ? ಕಳಿಸಿದ ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಯಾರಿಗಾದರೂ ಕೊಟ್ಟುಬಿಟ್ಟಿರೋ? ನಿಮ್ಮ ಗುಣ ನನಗೆ ಗೊತ್ತಿಲ್ಲವೇ. ನಾನು ಚೆನ್ನಾಗಿದ್ದೇನೆ, ಎರಡು ಹೊತ್ತು ಉಣ್ಣುತ್ತಿದ್ದೇನೆ. ಹೋಟೆಲಿನ ಅಡುಗೆಮನೆಯಲ್ಲಿ ನನ್ನ ಜೊತೆ ದುಡಿಯುವ ಗ್ರೆಗೋರಿಯಾ ನಾಳೆ ಊರಿಗೆ ಹೊರಟಿದ್ದಾಳೆ. ಈ ಪತ್ರ ಅವಳ ಕೈಯಲ್ಲೇ ಬರುತ್ತದೆ.

ನಿಮ್ಮ ಮಗ ಸಾಂತೋಸ್ ಛಾವಣಿಯಿಂದ ಬಿದ್ದು ತೀರಿಕೊಂಡು ಇವತ್ತಿಗೆ ಏಳು ವಾರ. "ಒಬ್ಬಳೇ ಗೋಡೆ ನೋಡ್ಕೊಂಡು ಕೂತ್ರೆ ಹುಚ್ಚಿ ಆಗ್ತೀಯ ಕಣೇ" ಎಂದು ಗ್ರೆಗೋರಿಯಾ ನನ್ನನ್ನು ಶನಿವಾರದ ಇಂಗ್ಲಿಷ್ ಪಾಠಕ್ಕೆ ಎಳೆದುಕೊಂಡು ಹೋದಳು. ಚರ್ಚಿನ ಹಿಂದಿನ ಕೋಣೆ. ಕುರ್ಚಿಗಳು ಮಕ್ಕಳವು, ಕೂತರೆ ಮಂಡಿ ಗದ್ದಕ್ಕೆ ತಾಗುತ್ತದೆ. ಕಲಿಸುವವರು ಮಿಸ್ ರೂತ್, ನಿವೃತ್ತ ನರ್ಸ್, ಬೆಣ್ಣೆಯಂಥ ಮನಸ್ಸು. ಈಗ ವರ್ತಮಾನ ಕಾಲ ನಡೆಯುತ್ತಿದೆ. ನಾನು, ನೀನು, ನಾವು ಯಾರೇ ದುಡಿದರೂ ‘ವರ್ಕ್’. ಅವನೋ ಅವಳೋ ಒಬ್ಬರೇ ದುಡಿದರೆ ಮಾತ್ರ ಕೊನೆಗೊಂದು ‘ಸ್’ ಸೇರಿಸಿ ‘ವರ್ಕ್ಸ್’ ಅನ್ನಬೇಕು. ಇಡೀ ತರಗತಿ ಆ ಒಂದು ‘ಸ್’ಗೆ ಎಡವಿ ಬೀಳುತ್ತದೆ.

ಮೊನ್ನೆ ಶನಿವಾರ ಮನೆಯವರ ಬಗ್ಗೆ ಹೇಳಬೇಕಿತ್ತು. ಗ್ರೆಗೋರಿಯಾ ಅವತ್ತು ಬಂದಿರಲಿಲ್ಲ. ಮಿಸ್ ರೂತ್ ನನ್ನ ಬೆರಳಿನ ಉಂಗುರ ನೋಡಿ, ಗಂಡ ಏನು ಮಾಡುತ್ತಾರೆ ಎಂದು ಕೇಳಿದರು. ‘ಹಿ ವರ್ಕ್ ರೂಫ್’ ಅಂದುಬಿಟ್ಟೆ. "ವರ್ಕ್ಸ್, ಡೆಲ್ಮಿ, ವರ್ಕ್ಸ್!" ಎಂದು ತಿದ್ದಿದರು. ‘ವರ್ಕ್ಸ್’ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳಿಗೆ ಚಪ್ಪಾಳೆ ಬಿತ್ತಲ್ಲ ಎಂದು ಮೈಯೆಲ್ಲ ಹಿಡಿಯಾಯಿತು. ಇಲ್ಲ, ಕೆಲಸ ಮಾಡುವುದಿಲ್ಲ ಎಂದು ತಡವರಿಸಿದೆ. ಸತ್ತರು ಅನ್ನುವುದಕ್ಕೆ ಪದ ಗೊತ್ತಿತ್ತು ಅತ್ತೆ, ನಾಲಿಗೆ ಏಳಲಿಲ್ಲ. ಪಾಪ, ಅವರು ಕೆಲಸ ಹೋಗಿದೆ ಅಂದುಕೊಂಡರು. ಪಾಠ ಮುಗಿದ ಮೇಲೆ ಬಾಗಿಲ ಬಳಿ ನನ್ನ ಕೈಗೊಂದು ಚೀಟಿ ಕೊಟ್ಟು, ತಮಗೆ ಬರುವ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ, "ನಮ್ಮಣ್ಣನ ಮಗ ಮನೆ ಕಟ್ಟಿಸ್ತಾನೆ. ಛಾವಣಿಗೆ ಆಳು ಬೇಕಂತೆ. ನಿನ್ನ ಗಂಡನ್ನ ಸೋಮವಾರ ಕಳ್ಸು" ಅಂದರು.

ಚೀಟಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏಳು ವಾರ ಬಾರದ ಅಳು ಆಗ ಬಂತು. ನಮ್ಮ ಮಾತಿನಲ್ಲೇ ಎಲ್ಲ ಹೇಳಿದೆ, ಎಷ್ಟು ಅರ್ಥವಾಯಿತೋ. ಅವರು ಪಕ್ಕದಲ್ಲೇ ಕೂತು ಬೆನ್ನು ಸವರುತ್ತಾ "ಗೊತ್ತಾಯ್ತು ಮಗಳೇ, ಗೊತ್ತಾಯ್ತು" ಅನ್ನುತ್ತಲೇ ಇದ್ದರು. ನನ್ನ ಬಸ್ಸು ಎರಡು ಸಲ ಬಂದು ಹೋಯಿತು.

ಪಾಠ ಬಿಡುವುದಿಲ್ಲ, ಹೋಗುತ್ತೇನೆ. ನಮ್ಮ ನಾಡು ಕಾಯುವ ಸುಯಾಪಾದ ಕನ್ಯಾಮಾತೆ ನಿಮ್ಮನ್ನೂ ಮಾವನನ್ನೂ ಕಾಯಲಿ.

ನಿಮ್ಮ
ಡೆಲ್ಮಿ

ತಾ.ಕ.: ಗ್ರೆಗೋರಿಯಾ ಪತ್ರ ಕೇಳಿಕೊಂಡು ಬಂದು ಬಾಗಿಲಲ್ಲೇ ನಿಂತಿದ್ದಾಳೆ. ಮಾವನ ಎದೆ ತಡೆಯುವುದಿಲ್ಲವೆಂದು ಸಾವಿನ ಸುದ್ದಿಯನ್ನು ನೀವು ಅವರಿಗಿನ್ನೂ ಹೇಳಿಲ್ಲ, ನಾನೂ ಒಪ್ಪಿದ್ದೆ. ಈ ಭಾನುವಾರ ಫೋನಿನಲ್ಲಿ, "ನಮ್ಮ ಹುಡುಗ ಕೆಲ್ಸಕ್ಕೆ ಹೋಗ್ತಾನೇನವ್ವಾ? ಸರಿಯಾಗಿ ಉಣ್ತಾನಾ?" ಎಂದು ಕೇಳಿದರು. ಹೋಗ್ತಾರೆ, ಉಣ್ತಾರೆ ಎಂದೆ. ಇನ್ನು ನನ್ನ ಕೈಲಾಗುವುದಿಲ್ಲ. ಇದನ್ನು ಓದಿದ ದಿನವೇ ಅವರಿಗೆ ಹೇಳಿಬಿಡಿ ಅತ್ತೆ. ಇಲ್ಲದಿದ್ದರೆ ಮುಂದಿನ ಭಾನುವಾರ ನಾನೇ ಹೇಳಬೇಕಾಗುತ್ತದೆ. ಆಗ ಅವರ ಕೈ ಹಿಡಿದುಕೊಳ್ಳಲು ನಾನಲ್ಲಿ ಇರುವುದಿಲ್ಲ.